ಬೆನ್ನಬರಹ

ಸ್ಪೀಕರಿಗೆ ಹಣೆಬರಹ ಇರೂದಿಲ್ಲ, ಬೆನ್ನಬರಹ:
ಎಂಟು ಓಮ್ಸ್, ಅರವತ್ತು ವ್ಯಾಟ್,
ನಾಕು ಮೊಳಿ ಹೊಡದ ತಗಡಿನ ಚೀಟಿ.
ಮುರಿಗೆಪ್ಪ ಬಾಣಕಾರ ಅದನ್ನ
ತಾಮ್ರಪಟ ಓದಿಸಿದಂಗ ಓದಿಸಿದ ನನ್ನಿಂದ, ಎರಡು ಸಲ.

ಬೆಳಗಾವಿ ಕ್ಯಾಂಪಿನ್ಯಾಗ ಯಾರೋ ಮೇಜರ್ ಮನಿ ಖಾಲಿ ಮಾಡುವಾಗ
ಹರಾಜಿಗೆ ಬಂದ ಜೋಡಿ.
ಲಾರಿಯೊಳಗ, ನೂಲಿನ ಗಂಟಿನ ನಡಕ ಕುಂತು
ಗೋಕಾಕ ದಾಟಿ ಬನಹಟ್ಟಿಗೆ ಬಂದ್ವು.
ಎದಿಮಟ ಎತ್ತರ, ತೇಗಿನ ಮೈ.
ಅವಕ್ಕ ಮುರಿಗೆಪ್ಪ ಕಟ್ಟಿದ್ದು
ಹದಿನೈದು ವ್ಯಾಟಿನ ಪೆಟ್ಟಿಗಿ,
ಖಾನಾವಳಿ ಗಲ್ಲಾದ ಹಿಂದ ಹಾಡತಿದ್ದದ್ದು.

ಎರಡು ತಿಂಗಳಿಗೆ ಟ್ವೀಟರ್ ಸತ್ತು ನನ್ನ ಟೇಬಲ್ಲಿಗೆ ಬಂತು.
ಮತ್ತೊಂದು ತಿಂಗಳಿಗೆ ಮತ್ತ.
"ಸಣ್ಣ ಆಂಪ್ಲಿಫೈಯರ್ ಅಷ್ಟು ದೊಡ್ಡದನ್ನ ಸುಡತೈತೇನೋ ರಜಾಕ?
ಇರುವಿ ಕಡದು ಆನಿ ಸತ್ತಂಗ ಆತಲ್ಲ!"

ಸುಡತೈತ್ರಿ, ಅಂದೆ.
ದೊಡ್ಡದು ಸಾವಕಾಶ ಮಾತಾಡತೈತಿ.
ಸಣ್ಣದರ ಕಿವಿ ಹಿಂಡಿ ತುದಿಗೆ ತಿರುವಿದ್ರ
ಉಸಿರು ಸಾಲದ, ಅಲಿಯ ತಲಿ ಕತ್ತರಿಸಿ ಒಗೀತೈತಿ.
ಗುಡ್ಡ ಇದ್ದಲ್ಲಿ ಮಾಳಗಿ ಆಗತೈತಿ.
ಆ ಚೂಪು ಅಂಚು ಹೋಗಿ ನಡೂದು
ಕೂದಲಿನಷ್ಟು ತೆಳ್ಳನ ತಂತಿಗೆ.

ವ್ಯಾಟ್ ದುಪ್ಪಟ್ಟು ಮಾಡಿದ್ರ ದನಿ ದುಪ್ಪಟ್ಟು ಆಗಂಗಿಲ್ಲ,
ಒಂದು ಮೆಟ್ಟಲ ಏರತೈತಿ ಅಷ್ಟ, ಅಂದೆ.
ಮುರಿಗೆಪ್ಪ ಬೆರಳು ಎಣಿಸಿ, ಲುಕ್ಸಾನು, ಅಂದ.

ಆ ಎಂಟು ಅನ್ನೂದು ಸುಳ್ಳಲ್ಲ, ಖರೇನೂ ಅಲ್ಲ.
ರಾತ್ರಿಯೆಲ್ಲ ಮೀಟರ್ ಹಚ್ಚಿ, ಸ್ವರ ಒಂದೊಂದ ಏರಿಸಿ ನೋಡಿದೆ:
ಒಂದ್ಕಡೆ ಇಪ್ಪತ್ತೆರಡು, ಒಂದ್ಕಡೆ ಎಂಟು,
ಡಗ್ಗಾ ಮಾತಾಡೋ ತಗ್ಗಿನ್ಯಾಗ ಮೂರಕ್ಕ ಇಳೀತು.
ಅಲ್ಲಿ ಸ್ಪೀಕರ್ ಕರೆಂಟ್ ಬೇಡತೈತಿ,
ದ್ವಾಣಿ ಖಾಲಿ ಕಂಡ ಎಮ್ಮಿಯಂಗ.

ಜಮಖಂಡಿಯ ಒಂದು ಮುಚ್ಚಿದ ಟಾಕೀಸಿನಿಂದ
ಕುಂಬಳಕಾಯಿ ತೂಕದ ಟ್ರಾನ್ಸ್‌ಫಾರ್ಮರ್ ತಂದೆ.
ಎಂಬತ್ತು ವ್ಯಾಟ್ ಕಟ್ಟಿದೆ.
ಒದರಲಿಕ್ಕಲ್ಲ, ನಿಲ್ಲಸಲಿಕ್ಕ:
ಪೆಟ್ಟು ಮುಗದ ಮ್ಯಾಲೂ ಅಲಗಾಡೋ ಕಾಗದದ ಎದಿ ಹಿಡದು
ಸಾಕು, ಅನ್ನಬೇಕು.
ಲಾಳಿ ಒಗಿಯೂದು ಯಾರಿಗೂ ಬರತೈತಿ,
ಆ ದಂಡಿಗೆ ಹೋಗಿ ಅದು ಪುಟೀದಂಗ ಹಿಡಿಯೂದೈತಲ್ಲ,
ಅದಕ್ಕ ಪಗಾರ.

ಅಮಾಸಿ. ಹನ್ನೆರಡೂ ಮಗ್ಗ ಗಪ್ಪ.
ಓಣಿ ಗಪ್ಪಾದ್ರ ಬನಹಟ್ಟಿಯೊಳಗ
ಗ್ವಾಡಿಗೆ ಕಿವಿ ಮೂಡಿದಂಗ ಆಗತೈತಿ.
ಸಾವಂತ್ರೆವ್ವ ಚಾ ತಂದು ಬಾಗಿಲದಾಗ ನಿಂತ್ಲು.
ಮುರಿಗೆಪ್ಪ ಟ್ರಂಕಿನ ತಳದಾಗಿಂದ ಕ್ಯಾಸೆಟ್ ತಗದ,
ಭಜನಿ ಮ್ಯಾಳದ್ದು, ನಲವತ್ತು ವರ್ಷದ ಹಿಂದಿಂದು.

ಡಗ್ಗಾ ಬಂತು, ನೆಲದಾಗಿಂದ.
ಏಕತಾರಿ ಬಂತು.
ಆಮ್ಯಾಲ ತಾಳ,
ಹೊಸಾ ಬ್ಲೇಡಿನಂಗ, ಇಷ್ಟ ಇಷ್ಟ ಬೆಳಕು.

"ತಾಳ ಬಂತೇನು?" ಕೇಳಿದ.

ತಿರುಗಿ ನೋಡಿದೆ.
ಮೂವತ್ತೆಂಟು ವರ್ಷ ಮಗ್ಗದ ನಡಕ ನಿಂತ ಕಿವಿ,
ಮ್ಯಾಲಿನ ಸ್ವರ ಯಾವಾಗೋ ಉದರಿ ಹೋಗಿದ್ವು.
ಟ್ವೀಟರ್ ಸತ್ತದ್ದು ಎರಡೂ ಸಲ
ಹೇಳಿದಾಕಿ ಸಾವಂತ್ರೆವ್ವ.

"ಬಂತ್ರಿ. ಛಲೋ ಬಂತು. ಯಾರು ಬಾರಿಸಿದ್ದು?"

ಅಂವ ಮಾತಾಡಲಿಲ್ಲ.
ತೊಡಿ ಮ್ಯಾಲ ಬಲಗೈ ಬೆರಳು
ತನಗ ಕೇಳದ ತಾಳದ ನೆತ್ತಿಗೇ
ಬೀಳತಿತ್ತು, ಏಳತಿತ್ತು, ಬೀಳತಿತ್ತು,
ಒಂದು ಎಳಿ ಹಿಂದಿಲ್ಲ, ಒಂದು ಎಳಿ ಮುಂದಿಲ್ಲ.

"ಚಾ ಆರತೈತಿ," ಅಂದ್ಲು ಸಾವಂತ್ರೆವ್ವ,
ಅಂದು ತಾನೂ ಅಲ್ಲೇ ಕುಂತ್ಲು.

ಖರೇ ಅಂಕಿ ಬರದು ಬೆನ್ನಿಗೆ ಅಂಟಸಬೇಕಂತ
ಹೊಸಾ ಚೀಟಿ ಕತ್ತರಿಸಿ ತಂದಿದ್ದೆ.
ಮಡಚಿ ಕಿಸೆದಾಗ ಇಟ್ಟೆ.
ಪೇಟಿ ದಾಟಿದ ಮ್ಯಾಲ ನೆನಪಾತು:
ಅದರ ಹಿಂದ ಬಿಲ್ಲೂ ಬರದಿದ್ದೆ.